ಹಳೇ ಫ್ರಿಜ್ಜು, 48 ಬಾಟಲಿ, ಎರಡು ವರ್ಷ

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ, ಮುಚ್ಚಿ, ಎಳೆದು ನೋಡಿದೆ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಚೆನ್ನಾಗಿದ್ದರೆ ಕಾಗದ ಬಿಗಿಯಾಗಿ ಕೂರಬೇಕು. ಮೂರು ಕಡೆ ಕೂತಿತ್ತು. ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಜಾರಿ ಬಂತು. ಕೆಲಸ ಶುರುವಾಗಿದ್ದು ಆ ಮೂಲೆಯಿಂದಲೇ.

ಹಿನ್ನೆಲೆ ಇಷ್ಟು. ಆಲ್ಕೋಹಾಲ್ ಜಾಸ್ತಿ ಇರುವ ಗಟ್ಟಿ ಬಿಯರನ್ನು ವರ್ಷಗಟ್ಟಲೆ ಇಟ್ಟರೆ ರುಚಿ ಬಲಿಯುತ್ತದೆ ಅಂತ ಕೇಳಿ, ಬಾರ್ಲಿವೈನ್ ಅನ್ನುವ ಗಟ್ಟಿ ಬಿಯರಿನ ಒಂದು ಬಾಟಲಿಯನ್ನು ಬೀರುವಿನ ಮೇಲೆ ಇಟ್ಟು ಮರೆತಿದ್ದೆ. ವರ್ಷದ ಮೇಲೆ ತೆಗೆದು ಕುಡಿದರೆ ಮಳೆಯಲ್ಲಿ ನೆಂದ ರಟ್ಟಿನ ಪೆಟ್ಟಿಗೆ ನೆಕ್ಕಿದ ಹಾಗಿತ್ತು. ತಪ್ಪು ಬಿಯರಿನದ್ದೋ, ಜಾಗದ್ದೋ, ಅಥವಾ ಈ ಮಾತೇ ಸುಳ್ಳೋ? ಗೊತ್ತಾಗಬೇಕಿದ್ದರೆ ಒಂದೇ ಬ್ಯಾಚಿನ ಬಾಟಲಿಗಳನ್ನು ಬೇರೆ ಬೇರೆ ಬಿಸಿಯಲ್ಲಿ ಇಟ್ಟು ನೋಡಬೇಕು. ಅದಕ್ಕೆ 13 ಡಿಗ್ರಿಯಲ್ಲಿ ಅಲ್ಲಾಡದೆ ನಿಲ್ಲುವ ಒಂದು ಪೆಟ್ಟಿಗೆ ಬೇಕು. ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂಟಿ ಬಾಗಿಲಿನ ಫ್ರಿಜ್ಜು ಸಿಕ್ಕಿತು.

ಪೆಟ್ಟಿಗೆ ಕಟ್ಟಿದ್ದು

ಗ್ಯಾಸ್ಕೆಟ್ ಹೊಸದು ಹಾಕಬೇಕಾಗಿ ಬರಲಿಲ್ಲ. ಸೋಪಿನ ನೀರಲ್ಲಿ ತೊಳೆದು, ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಮೆತ್ತಗಾದಾಗ ಹೊರಕ್ಕೆ ಎಳೆದು ಆಕಾರ ಕೊಟ್ಟೆ. ಬಾಗಿಲು ಮುಚ್ಚಿ ಒಂದು ರಾತ್ರಿ ಟೇಪ್ ಹಾಕಿ ಬಿಟ್ಟೆ. ಬೆಳಿಗ್ಗೆ ಕಾಗದ ಎಲ್ಲಾ ಕಡೆ ಹಿಡಿದುಕೊಂಡಿತು. ಒಳಗಿನ ಹಳೇ ವಾಸನೆ ಹೋಗಲು ಅಡುಗೆ ಸೋಡಾದ ನೀರಲ್ಲಿ ಎರಡು ಸಲ ಒರೆಸಿದೆ.

ಬಲ್ಬ್ ಕಿತ್ತು ಹಾಕಿದೆ. ಬಾಟಲಿಯ ಕಂದು ಗಾಜು ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ. ಬೆಳಕು ಬಿದ್ದರೆ ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವಿನ ಕಹಿ ಅಂಶ ಒಡೆದು, ಗಂಧಕ ಇರುವ ಒಂದು ನಾತದ ವಸ್ತು ಹುಟ್ಟುತ್ತದೆ. ಬಿಯರಿನಲ್ಲೇ ಇರುವ ರೈಬೋಫ್ಲೇವಿನ್ ಅನ್ನುವ ವಿಟಮಿನ್ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ನಂಬಿಕೆ ಬರದಿದ್ದರೆ ಹಾಪ್ಸ್ ಜಾಸ್ತಿ ಇರುವ ಐಪಿಎ ಅನ್ನುವ ಬಿಯರನ್ನು ಎರಡು ಗಾಜಿನ ಲೋಟಕ್ಕೆ ಬಗ್ಗಿಸಿ, ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ನೆರಳಲ್ಲಿ ಕಾಲು ಗಂಟೆ ಇಟ್ಟು ಮೂಸಿ ನೋಡಿ. ನಾನು ಮೂಸಿದೆ. ಬಿಸಿಲಿನ ಲೋಟ ಚೆಲ್ಲಿದೆ.

ಫ್ರಿಜ್ಜಿನ ಸ್ವಂತ ಥರ್ಮೋಸ್ಟಾಟ್ 13 ಡಿಗ್ರಿಯಷ್ಟು ಮೇಲಕ್ಕೆ ಬರುವುದಿಲ್ಲ. ಹಾಗಾಗಿ ಹೊರಗೆ ಒಂದು ಎಸ್‌ಟಿಸಿ-1000 ಕಂಟ್ರೋಲರ್ ಹಾಕಿದೆ. ಫ್ರಿಜ್ಜಿನದ್ದನ್ನು ಅತಿ ತಂಪಿಗೆ ತಿರುಗಿಸಿ ಬಿಟ್ಟೆ. ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದನ್ನು ಕಂಟ್ರೋಲರೇ ಹೇಳುತ್ತದೆ. ಹಿಂಬದಿಯಲ್ಲಿ ಎಂಟು ಟರ್ಮಿನಲ್: 1 ಮತ್ತು 2 ಕರೆಂಟಿಗೆ, 3 ಮತ್ತು 4 ಸೆನ್ಸರಿಗೆ, 5 ಮತ್ತು 6 ಬಿಸಿ ಮಾಡುವ ರಿಲೇ, 7 ಮತ್ತು 8 ತಂಪು ಮಾಡುವ ರಿಲೇ. ಮೊದಲ ಸಲ ಜೋಡಿಸುವವರು ಎಡವುವುದು ಇಲ್ಲೇ. ರಿಲೇ ತಾನಾಗಿ ಕರೆಂಟು ಕೊಡುವುದಿಲ್ಲ, ಅದು ಬರೀ ಸ್ವಿಚ್ಚು. ಫೇಸ್ ವೈರನ್ನು 7ಕ್ಕೂ ಕೊಡಬೇಕು, 8ರಿಂದ ಫ್ರಿಜ್ಜಿಗೆ ಹೋಗಬೇಕು. ನಾನೂ ಎಡವಿದೆ. ಡಿಸ್‌ಪ್ಲೇ ಉರಿಯಿತು, ರಿಲೇ ಟಿಕ್ ಅಂತು, ಫ್ರಿಜ್ಜು ಸುಮ್ನೆ ಕೂತಿತ್ತು. ಪ್ಲಗ್ ಕಿತ್ತು, ಒಂದು ತುಂಡು ವೈರ್ ಸೇರಿಸಿದ ಮೇಲೆ ಕಂಪ್ರೆಸರ್ ಗುನುಗಿತು. ಅರ್ಥಿಂಗ್ ವೈರನ್ನು ಮಾತ್ರ ಎಲ್ಲೂ ತುಂಡು ಮಾಡದೆ ನೇರ ಫ್ರಿಜ್ಜಿಗೆ ಒಯ್ಯಿರಿ. ಈ ಕೆಲಸ ರೂಢಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಸೆನ್ಸರನ್ನು ಪುಡಿ ಮಾಡಿದ ಐಸಿನ ನೀರಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕು. 0.6 ತೋರಿಸಿತು. ಕಂಟ್ರೋಲರಿನ ಎಫ್4 ಅನ್ನುವ ಸೆಟ್ಟಿಂಗಿನಲ್ಲಿ ಅಷ್ಟನ್ನು ಕಳೆದೆ. ಎಫ್1ರಲ್ಲಿ 13, ಎಫ್2ರಲ್ಲಿ 1 ಡಿಗ್ರಿ ವ್ಯತ್ಯಾಸ, ಎಫ್3ರಲ್ಲಿ ಕಂಪ್ರೆಸರಿಗೆ 5 ನಿಮಿಷದ ವಿರಾಮ. ಮೊದಲ ದಿನ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿತ್ತು. ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಎದ್ದು ಕೂರುತ್ತಿತ್ತು. ಗಾಳಿ ಬೇಗ ಬಿಸಿಯಾಗುತ್ತದೆ, ಬಾಟಲಿ ಆಗುವುದಿಲ್ಲ. ನಮಗೆ ಬೇಕಾದದ್ದು ಬಾಟಲಿಯ ಬಿಸಿ ತಾನೇ? ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಸೆನ್ಸರನ್ನು ಅದರೊಳಗೆ ಇಳಿಬಿಟ್ಟೆ. ಆಮೇಲೆ ಶಾಂತಿ.

ಗಾಜಿನ ತಟ್ಟೆಗಳನ್ನು ತೆಗೆದು 12 ಮಿಲಿಮೀಟರಿನ ಪ್ಲೈವುಡ್‌ನಲ್ಲಿ ಎರಡು ಅಂತಸ್ತು ಮಾಡಿದೆ, ಬಾಟಲಿ ನಿಂತುಕೊಳ್ಳುವ ಹಾಗೆ. ವೈನಿನ ಹಾಗೆ ಮಲಗಿಸುವುದು ಕಾರ್ಕ್ ಒಣಗದಿರಲಿ ಅಂತ. ಲೋಹದ ಮುಚ್ಚಳಕ್ಕೆ ಆ ಚಿಂತೆ ಇಲ್ಲ. ನಿಲ್ಲಿಸಿದರೆ ಗಸಿ ತಳದಲ್ಲಿ ಕೂರುತ್ತದೆ, ಒಳಗಿನ ಗಾಳಿಗೆ ತಾಗುವ ಬಿಯರಿನ ಮೈಯೂ ಕಮ್ಮಿ. 13 ಡಿಗ್ರಿಯಲ್ಲಿ ಫ್ರೀಜರ್ ತಟ್ಟೆಯ ಮೇಲಿನ ಹಿಮ ಆಗಾಗ ಕರಗಿ ತೊಟ್ಟಿಕ್ಕುತ್ತದೆ. ಕೆಳಗೆ ಒಂದು ಟ್ರೇ ಇಡದಿದ್ದರೆ ಮುಚ್ಚಳಕ್ಕೆ ತುಕ್ಕು, ಲೇಬಲ್ ಕಿತ್ತು ಕೈಗೆ. ಇದು ಮೂರನೇ ವಾರ ಗೊತ್ತಾಯಿತು.

ಯಾವ ಬಾಟಲಿ, ಎಲ್ಲಿ

ಒಟ್ಟು 48. ಶೇ 11 ಆಲ್ಕೋಹಾಲಿನ ಇಂಪೀರಿಯಲ್ ಸ್ಟೌಟ್ (ಸುಟ್ಟ ಮಾಲ್ಟಿನ ಕಪ್ಪು ಬಿಯರ್) 24, ಶೇ 6.5ರ ಐಪಿಎ 9, ಶೇ 5ರ ವೀಟ್ (ಗೋಧಿ) ಬಿಯರ್ 9, ಮತ್ತು ಓರ್ವಾಲ್ ಅನ್ನುವ ಬೆಲ್ಜಿಯಮ್ಮಿನ ಬಿಯರ್ 6. ಮೊದಲ ಮೂರನ್ನು ಮೂರು ಪಾಲು ಮಾಡಿ ಅಡುಗೆಮನೆ ಫ್ರಿಜ್ಜಿಗೆ (4 ಡಿಗ್ರಿ), ಪೆಟ್ಟಿಗೆಗೆ (13), ಕತ್ತಲೆ ಕಪಾಟಿಗೆ (26ರಿಂದ 28) ಹಂಚಿದೆ. ಓರ್ವಾಲ್ ಆರೂ ಪೆಟ್ಟಿಗೆಗೆ. ಮುಚ್ಚಳದ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಜಾಗ ಮತ್ತು ದಿನಾಂಕ.

ರುಚಿ ನೋಡುವಾಗ ನನ್ನನ್ನೇ ನಾನು ನಂಬುವ ಹಾಗಿರಲಿಲ್ಲ. ಇಷ್ಟು ಕಷ್ಟಪಟ್ಟು ಪೆಟ್ಟಿಗೆ ಕಟ್ಟಿದವನಿಗೆ ಪೆಟ್ಟಿಗೆಯ ಬಿಯರೇ ರುಚಿ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಮೂರು ಲೋಟದ ಪರೀಕ್ಷೆ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ನನಗೆ ತಮ್ಮ ಬಗ್ಗಿಸಿ ಕೊಡುವುದು, ಅವನಿಗೆ ನಾನು, ತಲಾ ಮೂರು ಸುತ್ತು. ಆರರಲ್ಲಿ ಎರಡು ಸರಿ ಬಂದರೆ ಅದು ಬರೀ ಅದೃಷ್ಟ, ಕಣ್ಣುಮುಚ್ಚಿ ಬೆರಳಿಟ್ಟರೂ ಅಷ್ಟು ಬರುತ್ತದೆ.

2ನೇ ತಿಂಗಳು

ಐಪಿಎ ಕಥೆ ಇಲ್ಲಿಗೇ ಹೆಚ್ಚುಕಡಿಮೆ ಮುಗಿಯಿತು. ಕಪಾಟಿನದ್ದರಲ್ಲಿ ಹಣ್ಣಿನ ಘಮ ಇಲ್ಲ, ಬದಲಿಗೆ ಬ್ಲ್ಯಾಕ್‌ಕರಂಟ್ ಎಲೆ ಅಂತ ಪುಸ್ತಕಗಳು ಮರ್ಯಾದೆಯಿಂದ ಕರೆಯುವ ವಾಸನೆ. ತಮ್ಮ ಮೂಸಿದವನೇ, "ಅಣ್ಣಾ, ಬೆಕ್ಕು ಬಂದಿತ್ತಾ ಇಲ್ಲಿ?" ಅಂದ. ಅವನ ಮಾತೇ ಹತ್ತಿರ. ಹಾಪ್ಸಿನ ಎಣ್ಣೆಯ ಘಮ ಮೊದಲು ಹೋಗುತ್ತದೆ. ಗಾಳಿ ಒಂದಿಷ್ಟು ತಿನ್ನುತ್ತದೆ, ಮುಚ್ಚಳದ ಒಳಗಿನ ಪ್ಲಾಸ್ಟಿಕ್ ಪದರ ಒಂದಿಷ್ಟು ಹೀರಿಕೊಳ್ಳುತ್ತದೆ. ಕಹಿಯೂ ಇಳಿಯುತ್ತದೆ, ಮತ್ತು ಅದು ಹದವಾಗಿ ಇಳಿಯುವುದಿಲ್ಲ. ಉಳಿದದ್ದು ನಾಲಿಗೆಗೆ ಒರಟಾಗಿ ಅಂಟಿಕೊಳ್ಳುತ್ತದೆ. ಬಿಯರ್ ಮಾಡುವವರು 3-30-300 ಅಂತ ಒಂದು ಲೆಕ್ಕ ಹೇಳುತ್ತಾರೆ: 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3ರಲ್ಲಿ 300 ದಿನ, ಕೆಡುವುದು ಒಂದೇ ಅಷ್ಟು. ಇದು ಅಂದಾಜು. ಆದರೆ ನನ್ನ ಐಪಿಎ ಅದನ್ನು ಓದಿಕೊಂಡೇ ಬಂದ ಹಾಗೆ ನಡೆದುಕೊಂಡಿತು. ಅಡುಗೆಮನೆ ಫ್ರಿಜ್ಜಿನದ್ದು ಇನ್ನೂ ಚೆನ್ನಾಗಿತ್ತು.

ವೀಟ್ ಬಿಯರಿನ ಬಾಳೆಹಣ್ಣಿನ ಘಮ ಐಸೋಅಮೈಲ್ ಅಸಿಟೇಟ್ ಅನ್ನುವ ಎಸ್ಟರಿನದ್ದು (ಎಸ್ಟರ್ ಅಂದರೆ ಹಣ್ಣಿನ ಘಮ ಕೊಡುವ ಬಗೆಯ ವಸ್ತು), ಲವಂಗದ್ದು 4-ವಿನೈಲ್ ಗ್ವಾಯಕಾಲ್. ಎರಡೂ ಇಡುತ್ತಾ ಹೋದ ಹಾಗೆ ಕಮ್ಮಿಯಾಗುತ್ತವೆ. ಕಪಾಟಿನ ಬಾಟಲಿಯಲ್ಲಿ ಬಾಳೆಹಣ್ಣು ಆಗಲೇ ಮಂಕು. ಇಡಬೇಡಿ, ಕುಡಿದುಬಿಡಿ. ಇಷ್ಟೇ.

ಸ್ಟೌಟಿನಲ್ಲಿ ಮೂರೂ ಜಾಗದ್ದು ನಮಗೆ ಒಂದೇ. ಆರರಲ್ಲಿ ಎರಡು, ಆರರಲ್ಲಿ ಮೂರು.

6ನೇ ತಿಂಗಳು, ಮತ್ತು ಆ ರಾತ್ರಿ

ಕಪಾಟಿನ ಐಪಿಎ ಈಗ ಪೂರ್ತಿ ರಟ್ಟು. ಈ ವಾಸನೆಗೆ ಕಾರಣ ಟ್ರಾನ್ಸ್-2-ನೊನೆನಾಲ್. ನೂರು ಕೋಟಿ ಪಾಲಿನಲ್ಲಿ 0.1 ಪಾಲು ಇದ್ದರೂ ಮೂಗಿಗೆ ಸಿಗುತ್ತದೆ. ಬೀರುವಿನ ಮೇಲಿನ ಬಾರ್ಲಿವೈನಿನಲ್ಲಿ ನಾನು ಭೇಟಿಯಾದದ್ದು ಇದನ್ನೇ.

ಸ್ಟೌಟಿನಲ್ಲಿ ಫ್ರಿಜ್ಜಿಗೂ ಪೆಟ್ಟಿಗೆಗೂ ಇನ್ನೂ ವ್ಯತ್ಯಾಸ ಸಿಗಲಿಲ್ಲ. ಕಪಾಟಿನದ್ದನ್ನು ಮಾತ್ರ ಆರಕ್ಕೆ ಆರು ಸಲ ಹಿಡಿದೆವು. ಸೋಯಾ ಸಾಸ್. ಸಂಶಯವೇ ಇಲ್ಲ. ಈ ಸ್ಟೌಟಿನ ಬಾಟಲಿಯಲ್ಲಿ ಯೀಸ್ಟ್ ಇರುತ್ತದೆ. ಅದು ಮೊದಮೊದಲು ಒಳಗಿನ ಆಮ್ಲಜನಕವನ್ನು ತಾನೇ ತಿಂದು ಉಪಕಾರ ಮಾಡುತ್ತದೆ. ಆದರೆ ಸೆಕೆಯಲ್ಲಿ ಬೇಗ ಸಾಯುತ್ತದೆ, ಸತ್ತ ಮೇಲೆ ಒಡೆದು ಒಳಗಿದ್ದದ್ದನ್ನೆಲ್ಲ ಬಿಯರಿಗೆ ಬಿಡುತ್ತದೆ. ಮಾಂಸದ ಸಾರಿನಂಥ, ಸೋಯಾದಂಥ ರುಚಿ ಅಲ್ಲಿಂದ. ಅದರ ಜೊತೆ ಹೊರಬರುವ ಒಂದು ಎಂಜೈಮು ನೊರೆ ಕಟ್ಟುವ ಪ್ರೋಟೀನನ್ನು ಕತ್ತರಿಸುತ್ತದೆ. ಕಪಾಟಿನ ಸ್ಟೌಟಿನ ನೊರೆ ಬಗ್ಗಿಸಿದ ಅರ್ಧ ನಿಮಿಷಕ್ಕೆ ಮಾಯ.

ಅವತ್ತು ರಾತ್ರಿ ಬಾಟಲಿ ತೆಗೆಯುವಾಗ ಸೆನ್ಸರ್ ವೈರು ಕೈಗೆ ಸಿಕ್ಕಿ ನೀರಿನ ಬಾಟಲಿಯಿಂದ ಹೊರಗೆ ಬಂದಿದೆ. ನನಗೆ ಗೊತ್ತಾಗಲಿಲ್ಲ. ಅದು ಬಾಗಿಲಿನ ಹೊರಗೆ ಜೋತಾಡುತ್ತಿರುವಾಗಲೇ ಬಾಗಿಲು ಹಾಕಿ ಮಲಗಿದೆ. ಹೊರಗೆ 27 ಡಿಗ್ರಿ. ಪಾಪ ಕಂಟ್ರೋಲರ್, ಅದಕ್ಕೇನು ಗೊತ್ತು, ರಾತ್ರಿಯಿಡೀ ತಂಪು ಮಾಡುತ್ತಲೇ ಇತ್ತು. ಬೆಳಿಗ್ಗೆ ಮೇಲಿನ ಅಂತಸ್ತಿನ ಥರ್ಮಾಮೀಟರಿನಲ್ಲಿ ಮೈನಸ್ 3.5. ಫ್ರೀಜರ್ ತಟ್ಟೆಯ ಕೆಳಗಿದ್ದ ವೀಟ್ ಬಿಯರ್ ಹೆಪ್ಪುಗಟ್ಟಿ ಸೀಳಿತ್ತು. ಅದರ ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಸ್ಟೌಟಿಗೆ ಏನೂ ಆಗಿರಲಿಲ್ಲ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಹೆಪ್ಪುಗಟ್ಟುವ ಬಿಂದು ಕೆಳಗಿಳಿಯುತ್ತದೆ. ಶೇ 5ರದ್ದು ಮೈನಸ್ 2ರ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ, ಶೇ 11ರದ್ದಕ್ಕೆ ಇನ್ನೂ ಎರಡು ಡಿಗ್ರಿ ಇಳಿಯಬೇಕು. ಕೆಳಗಿನ ಅಂತಸ್ತು ಬರೀ ತಣ್ಣಗಿತ್ತು. ಗಾಜು ಆಯ್ದು, ಒರೆಸಿ, ಸೆನ್ಸರ್ ವೈರನ್ನು ಫ್ರಿಜ್ಜಿನ ಗೋಡೆಗೆ ಎರಡು ಕ್ಲ್ಯಾಂಪ್ ಹಾಕಿ ಬಿಗಿದೆ. ಮೊದಲೇ ಮಾಡಬೇಕಿದ್ದ ಕೆಲಸ.

12ನೇ ತಿಂಗಳು

ಪೆಟ್ಟಿಗೆಯ ಸ್ಟೌಟ್ ಮೊದಲ ಸಲ ಬೇರೆಯಾಯಿತು. ಆರರಲ್ಲಿ ನಾಲ್ಕು. ಹೊಸದಾಗಿದ್ದಾಗ ಗಂಟಲಲ್ಲಿ ಉರಿ ಇತ್ತು, ಸುಟ್ಟ ಕಾಫಿಬೀಜದ ಒಗರಿತ್ತು. ಎರಡರ ಮೊನೆಯೂ ಮೊಂಡಾಗಿದೆ. ಆಲ್ಕೋಹಾಲ್ ಕಮ್ಮಿಯಾಗಿದೆ ಅಂತ ಅನ್ನಿಸುತ್ತದೆ, ಆಗಿರುವುದಿಲ್ಲ. ಮುಚ್ಚಿದ ಬಾಟಲಿಯಿಂದ ಅದು ಹೋಗುವುದಾದರೂ ಎಲ್ಲಿಗೆ? ಕಹಿ ಇಳಿದಿದೆ, ಸಿಹಿ ವಾಸನೆ ಏರಿದೆ, ಹಾಗಾಗಿ ಉರಿ ಮುಚ್ಚಿಹೋಗಿದೆ. ಅಷ್ಟೇ.

ನಾಲ್ಕು ಮುಚ್ಚಳಗಳಿಗೆ ಮೇಣ ಸವರಿದ್ದೆ, ಗಾಳಿ ಒಳಗೆ ನುಸುಳದಿರಲಿ ಅಂತ. ಮುಚ್ಚಳದ ಪದರದ ಮೂಲಕ ಆಮ್ಲಜನಕ ನಿಧಾನಕ್ಕೆ ಒಳಗೆ ಬರುವುದು ನಿಜ. ಆದರೆ ಮೇಣ ಇದ್ದದ್ದಕ್ಕೂ ಇಲ್ಲದ್ದಕ್ಕೂ ನಮಗೆ ವ್ಯತ್ಯಾಸ ಸಿಗಲಿಲ್ಲ. ಮೇಣ ಚಂದ ಕಾಣುತ್ತದೆ, ಬಿಚ್ಚುವುದು ತಲೆನೋವು.

ಓರ್ವಾಲ್ ಮಾತ್ರ ಬೇರೆಯೇ ದಾರಿ ಹಿಡಿದಿತ್ತು. ಇದು ಬೆಲ್ಜಿಯಮ್ಮಿನ ಟ್ರಾಪಿಸ್ಟ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠದ ಬಿಯರ್, ಆಲ್ಕೋಹಾಲ್ ಶೇ 6.2 ಮಾತ್ರ. ಗಟ್ಟಿ ಬಿಯರನ್ನಷ್ಟೇ ಇಡಬಹುದು ಅನ್ನುವ ಮಾತಿಗೆ ಇದೇ ಅಪವಾದ. ಬಾಟಲಿಗೆ ತುಂಬುವಾಗ ಬ್ರೆಟ್ಟಾನೊಮೈಸಿಸ್ (ಚಿಕ್ಕದಾಗಿ ಬ್ರೆಟ್) ಅನ್ನುವ ಕಾಡು ಯೀಸ್ಟ್ ಸೇರಿಸುತ್ತಾರೆ. ಮಾಮೂಲಿ ಯೀಸ್ಟ್ ಬಿಟ್ಟುಹೋದ ಸಕ್ಕರೆಯನ್ನೂ ಅದು ತಿಂಗಳುಗಟ್ಟಲೆ ಕೂತು ಮೇಯುತ್ತದೆ. ಹೊಸದರಲ್ಲಿ ಹಾಪ್ಸಿನ ಘಮ. ವರ್ಷದ ಮೇಲೆ ಚರ್ಮ, ಒಣಹುಲ್ಲು, ಕುದುರೆ ಲಾಯ. ಕೇಳಲು ಹಿತವಲ್ಲ, ಕುಡಿಯಲು ಹಿತ. ಮೈ ತೆಳ್ಳಗಾಗಿ, ಗುಳ್ಳೆ ಜಾಸ್ತಿಯಾಗಿ, ನೊರೆ ಲೋಟ ಮೀರಿ ಬಂತು. ಬ್ರೆಟ್ ಹಾಕಿ ಸ್ವಂತಕ್ಕೆ ಬಿಯರ್ ಮಾಡುವವರು ದಪ್ಪ ಗಾಜಿನ ಬಾಟಲಿಯನ್ನೇ ಬಳಸಬೇಕು. ಒತ್ತಡ ಏರುತ್ತಾ ಹೋಗಿ ಸಾಧಾರಣ ಬಾಟಲಿ ಸಿಡಿಯಬಹುದು.

18ನೇ ತಿಂಗಳಲ್ಲಿ ಹೊಳೆದದ್ದು

ರಾಸಾಯನಿಕ ಕ್ರಿಯೆ 10 ಡಿಗ್ರಿ ಏರಿದರೆ ಸುಮಾರು ಎರಡರಿಂದ ಮೂರು ಪಟ್ಟು ವೇಗವಾಗುತ್ತದೆ ಅನ್ನುವುದು ಶಾಲೆಯ ಲೆಕ್ಕ. ಪೆಟ್ಟಿಗೆಗೂ ಕಪಾಟಿಗೂ 14 ಡಿಗ್ರಿ ಅಂತರ. ಅಂದರೆ ಕಪಾಟಿನ ಆರು ತಿಂಗಳು ಪೆಟ್ಟಿಗೆಯ ಒಂದೂವರೆ ಎರಡು ವರ್ಷಕ್ಕೆ ಸಮ ಆಗಬೇಕು. ಹಾಗಿದ್ದರೆ ಈ ಪೆಟ್ಟಿಗೆ, ಕ್ಲ್ಯಾಂಪು, ಒಡೆದ ಬಾಟಲಿ ಎಲ್ಲಾ ಯಾಕೆ? ಸೆಕೆಯಲ್ಲಿ ಆರು ತಿಂಗಳು ಇಟ್ಟರೆ ಸಾಕಲ್ಲ.

ಇದನ್ನು ಪರೀಕ್ಷಿಸಲು ಅಡುಗೆಮನೆ ಫ್ರಿಜ್ಜಿನಲ್ಲಿ ಮಿಕ್ಕಿದ್ದವುಗಳಲ್ಲಿ ಎರಡು ಸ್ಟೌಟನ್ನು 18ನೇ ತಿಂಗಳು ಕಪಾಟಿಗೆ ಸಾಗಿಸಿದೆ. 4 ಡಿಗ್ರಿಯಲ್ಲಿ ಅವು ಹೆಚ್ಚುಕಡಿಮೆ ಹೊಸದರ ಹಾಗೇ ಇದ್ದವು. 24ನೇ ತಿಂಗಳಿಗೆ ಅವುಗಳ ಸೆಕೆಯ ಆರು ತಿಂಗಳು ಮುಗಿಯುತ್ತದೆ, ಪೆಟ್ಟಿಗೆಯದ್ದರ ಎರಡು ವರ್ಷವೂ ಮುಗಿಯುತ್ತದೆ. ಅಕ್ಕಪಕ್ಕ ಇಟ್ಟು ನೋಡಬಹುದು.

24ನೇ ತಿಂಗಳು

ಮೊದಲು ಅಡುಗೆಮನೆ ಫ್ರಿಜ್ಜು ಮತ್ತು ಪೆಟ್ಟಿಗೆ. ಆರರಲ್ಲಿ ಐದು. ಫ್ರಿಜ್ಜಿನದ್ದು ಇನ್ನೂ ಹುಡುಗ, ಉರಿಯೂ ಇದೆ, ಒಗರೂ ಇದೆ. ಪೆಟ್ಟಿಗೆಯದ್ದರಲ್ಲಿ ಖರ್ಜೂರ, ಒಣದ್ರಾಕ್ಷಿ, ಹಿಂದೆಲ್ಲೋ ಶೆರಿ ವೈನಿನ ನೆರಳು. ನೊರೆ ತೆಳು, ಆದರೆ ಇದೆ.

ಆಮೇಲೆ ಪೆಟ್ಟಿಗೆ ಮತ್ತು ಸೆಕೆಯ ಆರು ತಿಂಗಳು. ಆರಕ್ಕೆ ಆರು. ನುಂಗುವ ಮೊದಲೇ ಗೊತ್ತಾಗುತ್ತಿತ್ತು. ಸೆಕೆಯದ್ದರಲ್ಲೂ ಒಣದ್ರಾಕ್ಷಿ ಇತ್ತು, ಸುಳ್ಳು ಹೇಳಬಾರದು. ಆದರೆ ಅದರ ಮೇಲೆ ಸೋಯಾ ಕವುಚಿಕೊಂಡಿತ್ತು, ಕೊನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ವಾಸನೆ ಉಳಿಯುತ್ತಿತ್ತು. ಆಲೂಗಡ್ಡೆ ಮೆಥಿಯೋನಾಲ್ ಅನ್ನುವ ಆಲ್ಡಿಹೈಡಿನದ್ದು.

ನನ್ನ ಶಾಲೆಯ ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಬಾಟಲಿಯಲ್ಲಿ ನಡೆಯುವುದು ಒಂದು ಕ್ರಿಯೆ ಅಲ್ಲ. ಹತ್ತಾರು ಒಟ್ಟಿಗೆ ನಡೆಯುತ್ತಿರುತ್ತವೆ. ಎಸ್ಟರ್ ಒಡೆಯುವುದು ಒಂದು, ಆಲ್ಡಿಹೈಡ್ ಏರುವುದು ಇನ್ನೊಂದು, ಕಹಿ ಇಳಿಯುವುದು ಮತ್ತೊಂದು, ಯೀಸ್ಟ್ ಸಾಯುವುದು ಬೇರೆಯೇ. ಬಿಸಿ ಏರಿದಾಗ ಎಲ್ಲವೂ ಒಂದೇ ಪಟ್ಟು ವೇಗ ಆಗುವುದಿಲ್ಲ. ಕೆಲವು ಓಡುತ್ತವೆ, ಕೆಲವು ನಡೆಯುತ್ತವೆ. ಹಾಗಾಗಿ ಸೆಕೆಯಲ್ಲಿ ಸಿಗುವುದು ಅದೇ ಬಿಯರಿನ ಮುಂದಿನ ವಯಸ್ಸಲ್ಲ, ಬೇರೊಂದು ಬಿಯರ್. ತಮ್ಮ ಇದನ್ನು ಇನ್ನೂ ಸರಳವಾಗಿ ಹೇಳಿದ: "ಬಿಸಿಲಲ್ಲಿ ಬಾಡಿಸಿದ ಕಾಯಿನೂ ಮೆತ್ತಗಾಗುತ್ತೆ ಅಣ್ಣಾ, ಹಣ್ಣಾಗುತ್ತಾ?"

ಮೊದಲಿನಿಂದಲೂ ಕಪಾಟಿನಲ್ಲೇ ಇದ್ದ, ಪೂರ್ತಿ ಎರಡು ವರ್ಷ ಬೆಂದ ಸ್ಟೌಟನ್ನೂ ತೆರೆದೆವು. ಮೂಗಿಗೆ ಮೊದಲು ಬಡಿದದ್ದು ಮೆಂತ್ಯ. ಸೋಟೊಲಾನ್ ಅನ್ನುವ ವಸ್ತು ಇದಕ್ಕೆ ಕಾರಣ. ಮೆಂತ್ಯಕಾಳಿನ ಘಮವೂ ಅದರದ್ದೇ, ಹಳೇ ಶೆರಿ ಮತ್ತು ಮದೀರಾ ವೈನುಗಳಲ್ಲೂ ಅದೇ ಇರುತ್ತದೆ. ಎರಡು ಗುಟುಕು ಕುತೂಹಲಕ್ಕೆ ಕುಡಿದೆವು. ಮೂರನೆಯದಕ್ಕೆ ಯಾರೂ ಲೋಟ ಮುಂದೆ ಚಾಚಲಿಲ್ಲ.

ಇನ್ನೆಷ್ಟು ಇಡಬಹುದು? 1968ರಲ್ಲಿ ಇಂಗ್ಲೆಂಡಿನ ಎಲ್ಡ್ರಿಜ್ ಪೋಪ್ ಅನ್ನುವ ಬ್ರೂವರಿ ಥಾಮಸ್ ಹಾರ್ಡೀಸ್ ಏಲ್ ಅನ್ನುವ ಗಟ್ಟಿ ಬಿಯರ್ ತಂದಾಗ, ಇದನ್ನು 25 ವರ್ಷ ಇಡಬಹುದು ಅಂತ ಹೇಳಿಕೊಂಡಿತ್ತು. ನನ್ನ ಸ್ಟೌಟಿಗೆ ಅಷ್ಟು ಆಯುಸ್ಸು ಇದ್ದ ಹಾಗೆ ಕಾಣಲಿಲ್ಲ. 18ರಿಂದ 24ನೇ ತಿಂಗಳಿಗೆ ಬರುವಷ್ಟರಲ್ಲಿ ಸುಟ್ಟ ಮಾಲ್ಟಿನ ರುಚಿ ಒಂದು ಮೆಟ್ಟಿಲು ಇಳಿದಿತ್ತು. ಇನ್ನೊಂದು ವರ್ಷಕ್ಕೆ ಬರೀ ಖರ್ಜೂರದ ನೀರಾದೀತು ಅಂತ ನನ್ನ ಅಂದಾಜು.

ಈಗ ಪೆಟ್ಟಿಗೆಯಲ್ಲಿ ಎರಡು ಸ್ಟೌಟ್, ಒಂದು ಓರ್ವಾಲ್ ಉಳಿದಿವೆ. ಸ್ಟೌಟನ್ನು 30ನೇ ತಿಂಗಳು ತೆಗೆಯುತ್ತೇನೆ. ಓರ್ವಾಲಿನ ಲೇಬಲ್ಲಿನಲ್ಲಿ ತುಂಬಿಸಿದ ದಿನದ ಜೊತೆ ಐದು ವರ್ಷ ಮುಂದಿನ ದಿನಾಂಕವೂ ಇದೆ, ಅದು ಅಲ್ಲೀತನಕ ಕೂರಲಿ. ಖಾಲಿಯಾದ ಮೇಲಿನ ಅಂತಸ್ತನ್ನು ಕಿತ್ತು ಫ್ರೀಜರ್ ತಟ್ಟೆಗೂ ಬಾಟಲಿಗೂ ನಡುವೆ ಒಂದು ಥರ್ಮಾಕೋಲ್ ಹಲಗೆ ಹಾಕುತ್ತಿದ್ದೇನೆ. ಕೆಳಗಿನ ಎಡ ಮೂಲೆಯ ಗ್ಯಾಸ್ಕೆಟ್ ಮತ್ತೆ ಸಡಿಲಾಗಿದೆ, ನಿನ್ನೆ ಕಾಗದ ಸಲೀಸಾಗಿ ಜಾರಿ ಬಂತು.